ಚರ್ಚಿನ ಕಡೆ ಮುಖ ಮಾಡಿದ ಗಿರಣಿ

ಥರ್ಜಾ ಓಡ್ಲಿಂಗ್ ನಮ್ಮೂರು ಸ್ಕೆಲ್ಡ್‌ಬಿಗೆ ಬಂದದ್ದು ಮೂರು ವಾರದ ಮಟ್ಟಿಗೆ. ಇಲ್ಲಿ ಗಿರಣಿ ನಡೆಸುತ್ತಿದ್ದ ಅವಳ ಅಣ್ಣ ಜೇಬೆಜ್‌ನ ಹೆಂಡತಿ ಆನ್ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿದಿರಲಿಲ್ಲ. ಗಿರಣಿ ಮನೆಯಲ್ಲಿ ಒಲೆ ಹಚ್ಚಲು ಜನವಿಲ್ಲ, ಹಂದಿಗೆ ಕಲಗಚ್ಚು ಹಾಕಲು ಜನವಿಲ್ಲ ಎಂದು ಕಾಗದ ಹೋಯಿತು. ಅವಳು ದೂರದ ಒಂದು ದೊಡ್ಡ ಮನೆಯ ಅಡುಗೆಯಲ್ಲಿ ಕೆಲಸಕ್ಕಿದ್ದವಳು, ರಜೆ ಹೇಳಿ ಬಂದಳು. ಆಗ ಇಪ್ಪತ್ತೆರಡು ವಯಸ್ಸು. ಹಗ್ಗ ಕಟ್ಟಿದ ಒಂದು ತಗಡಿನ ಪೆಟ್ಟಿಗೆ ತಂದಿದ್ದಳು. ಮೊದಲ ವಾರವೆಲ್ಲ ಆ ಹಗ್ಗ ಬಿಚ್ಚದೆ, ಮುಚ್ಚಳದ ಸಂದಿಯಲ್ಲಿ ಕೈ ತೂರಿಸಿ ಬೇಕಾದ ಬಟ್ಟೆ ಎಳೆದುಕೊಳ್ಳುತ್ತಿದ್ದೆ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಮೂರು ವಾರ ಎಂದು ಬಂದವಳು ಆ ಗಿರಣಿ ಮನೆಯಲ್ಲಿ ಮೂವತ್ತೊಂದು ವರ್ಷ ಇದ್ದಳು.

ನಾನು ಕಮ್ಮಾರ ಈನಕ್‌ನ ಹೆಂಡತಿ ಲವೀನಾ. ನಮ್ಮ ಹಿತ್ತಿಲು ಮುಗಿಯುವಲ್ಲಿ ಗಿರಣಿಯ ಹಿತ್ತಿಲು ಶುರು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಥರ್ಜಾ ಬಂದು ಎರಡು ವರ್ಷವಾಗಿತ್ತು. ಬೇಲಿಯಾಚೆಯಿಂದ ಅವಳು ಕೇಳಿದ ಮೊದಲ ಮಾತು ನನ್ನ ಹೆಸರಲ್ಲ, "ನಿಮ್ಮನೆ ಬಾವಿ ನೀರಲ್ಲಿ ಸೋಪು ನೊರೆ ಬರುತ್ತಾ?" ಎಂದು.

ಗಿರಣಿಯನ್ನು ಕಟ್ಟಿಸಿದ್ದು ಜಮೀನಿನ ಯಜಮಾನರ ಅಜ್ಜ. ನಮ್ಮ ಮಾವನ ತಾಯಿ ಆಗ ಹುಡುಗಿ. ಇಟ್ಟಿಗೆಯನ್ನು ಆ ಹೊಲದಲ್ಲೇ ಮಣ್ಣು ಅಗೆದು ಸುಟ್ಟರಂತೆ. ಅಗೆದ ಗುಂಡಿ ಈಗ ಬಾತುಗಳ ಕೊಳ. ಗಂಡಸರು ಇಟ್ಟಿಗೆ ಇಡುತ್ತಿದ್ದರು. ಗೂಡಿನಿಂದ ಗೋಪುರದ ಬುಡಕ್ಕೆ ಹೊತ್ತು ತರುತ್ತಿದ್ದವರು ಹೆಂಗಸರು, ಮಕ್ಕಳು. ಐದು ಅಂತಸ್ತು, ಕೆಳಗೆ ಅಗಲ, ಮೇಲೆ ಹೋಗುತ್ತ ಹೋಗುತ್ತ ಕಿರಿದು, ಮೈಯೆಲ್ಲ ಕಪ್ಪು ಡಾಂಬರು, ತಲೆಯ ಮೇಲೆ ಈರುಳ್ಳಿಯ ಹಾಗೆ ಬಿಳಿ ಮರದ ಟೋಪಿ. ಟೋಪಿಯ ಮುಂದೆ ನಾಲ್ಕು ರೆಕ್ಕೆ, ಹಿಂದೆ ಒಂದು ಚಿಕ್ಕ ಬೀಸಣಿಗೆ ಚಕ್ರ. ಗಾಳಿ ದಿಕ್ಕು ಬದಲಿಸಿದರೆ ಬೀಸಣಿಗೆ ತಾನೇ ತಿರುಗಿ ಟೋಪಿಯನ್ನು ಗಾಳಿಯ ಕಡೆ ತಿರುಗಿಸುತ್ತದೆ. ಗಾಳಿಗಿರಣಿ ಎದುರು ಗಾಳಿಗೆ ಕಟ್ಟಿದ ವಸ್ತು. ಮುಂದಿನಿಂದ ಎಷ್ಟೇ ಬೀಸಲಿ, ಟೋಪಿ ಗೋಪುರದ ಮೇಲೆ ಒತ್ತಿಕೊಂಡು ಕೂರುತ್ತದೆ. ಬೆನ್ನ ಕಡೆಯಿಂದ ಬಿರುಗಾಳಿ ಬಂದರೆ ಅದನ್ನು ಹಿಡಿಯುವಂಥದ್ದು ಏನೂ ಇಲ್ಲ.

ಇದನ್ನೆಲ್ಲ ನಾನು ಕಲಿತದ್ದು ಥರ್ಜಾಳಿಂದ. ಅವಳು ಕಲಿತದ್ದು ಅಣ್ಣನಿಗೆ ಚಹಾ ಕೊಡಲು ಹತ್ತಿ ಹತ್ತಿ.

ಬೆಳಗ್ಗೆ ಹತ್ತಕ್ಕೆ ಜೇಬೆಜ್‌ಗೆ ಚಹಾ ಬೇಕು. ಅವನು ಮೂರನೆಯ ಅಂತಸ್ತಿನಲ್ಲಿ ಬೀಸುಗಲ್ಲಿನ ಹತ್ತಿರ ಇರುತ್ತಿದ್ದ. ಇವಳು ಏಣಿಮೆಟ್ಟಿಲು ಹತ್ತಿ ಹೋಗಿ, ಅವನು ಕುಡಿಯುವವರೆಗೆ ನಿಂತು, ಖಾಲಿ ಲೋಟ ತರಬೇಕು. ನಿಂತಲ್ಲೇ ನೋಡಿದಳು: ಕಾಳು ಎಷ್ಟು ಬೀಳಬೇಕು, ಕಲ್ಲು ಬಿಸಿಯಾದರೆ ಎಂಥ ವಾಸನೆ, ಹಿಟ್ಟನ್ನು ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಉಜ್ಜಿ ನೋಡಿ ಕಲ್ಲನ್ನು ಎತ್ತಬೇಕೋ ಇಳಿಸಬೇಕೋ ತಿಳಿಯುವುದು ಹೇಗೆ. ಬೀಸುಗಲ್ಲು ಸವೆದಾಗ ಉಳಿ ಹಿಡಿದು ಕಚ್ಚು ಹಾಕುವುದನ್ನೂ ಕಲಿತಳು. ಅವಳ ಎಡಗೈಯ ಹಿಂಭಾಗದಲ್ಲಿ ಕಲ್ಲಿಗೆ ಬಡಿದ ಉಳಿಯಿಂದ ಸಿಡಿದ ಉಕ್ಕಿನ ಚೂರುಗಳು ನೀಲಿ ಚುಕ್ಕೆಗಳಾಗಿ ಉಳಿದಿದ್ದವು. ಆ ಕೈಯಲ್ಲೇ ಅವಳು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಳು.

ನಲವತ್ತೈದು ದಾಟುತ್ತಿದ್ದಂತೆ ಜೇಬೆಜ್‌ಗೆ ಹಿಟ್ಟಿನ ಧೂಳಿನ ಕೆಮ್ಮು ಹಿಡಿಯಿತು. ಆಮೇಲೆ ಸೊಂಟ ಹೋಯಿತು. ಕಡೆಯ ಹನ್ನೊಂದು ವರ್ಷ ಅವನು ಒಂದು ಮೆಟ್ಟಿಲೂ ಹತ್ತಲಿಲ್ಲ. ಗಿರಣಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗಾಡಿ ತಂದ ರೈತರ ಹತ್ತಿರ ಮಾತಾಡುತ್ತ ಕೂರುತ್ತಿದ್ದ. ಒಳ್ಳೆಯ ಮಾತುಗಾರ. ಕೆಟ್ಟವನಲ್ಲ.

ಒಂದು ಸಲ ನಾನೇ ಅಲ್ಲಿದ್ದೆ. ರೈತ ಡೌಸ್ ಗಾಡಿ ನಿಲ್ಲಿಸಿ, "ಹೋದ ಸಲದ ಹಿಟ್ಟು ರೇಷ್ಮೆ ಕಣಯ್ಯ ಜೇಬೆಜ್. ಕೈ ಅಂದ್ರೆ ನಿಂದೇ ಕೈ," ಎಂದ.

ಜೇಬೆಜ್ ಮಂಡಿಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. "ಏನೋ ಒಂದು, ನಡೀತದೆ."

ಮೇಲಿನ ನೆಲದಲ್ಲಿದ್ದ ಮೂಟೆ ಎಳೆಯುವ ಕಿಂಡಿಯಿಂದ ಥರ್ಜಾಳ ದನಿ ಬಂತು. "ಡೌಸ್, ಆ ಕೈಗೆ ಸ್ವಲ್ಪ ಹೇಳಿ, ಮೂಟೆಗೆ ಸರಪಳಿ ಸಿಕ್ಕಿಸಲಿ. ನಾನಿಲ್ಲಿ ಆಗ್ಲಿಂದ ಕಾಯ್ತಾ ಇದೀನಿ."

ಡೌಸ್ ನಕ್ಕ. "ನಿನ್ನ ತಂಗಿ ಬಾಯಿ ಜೋರು ಮಾರಾಯ."

"ಬಾಯಿ ಒಂದೇ ಅಲ್ಲ," ಎಂದ ಜೇಬೆಜ್. ಅಷ್ಟೇ ಅಂದ. ಇನ್ನೊಂದು ಮಾತು ಸೇರಿಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಊರಿನ ಹೆಂಗಸರು, ನಾನೂ ಸೇರಿ, ಅವಳ ಬಟ್ಟೆಯ ವಿಷಯ ಆಡಿಕೊಳ್ಳುತ್ತಿದ್ದೆವು. ಒಗೆಯುವುದು ಸೋಮವಾರ, ಎಲ್ಲರ ಮನೆಯಲ್ಲೂ ಹಾಗೆ. ಥರ್ಜಾಳ ಬಟ್ಟೆ ಗುರುವಾರ ನೇತಾಡುತ್ತಿತ್ತು, ಕೆಲವು ಸಲ ಶನಿವಾರ. ಅದೂ ಎಲೆ ಅಲ್ಲಾಡದ ದಿನ ಹಾಕುತ್ತಾಳೆ, ಎರಡು ದಿನವಾದರೂ ಒಣಗುವುದಿಲ್ಲ, ಸೋಮಾರಿ ಎಂದು ನಮ್ಮ ಮಾತು. ಬಟ್ಟೆ ಒಣಗಿಸುವ ಗಾಳಿಯೇ ಕಲ್ಲು ತಿರುಗಿಸುವ ಗಾಳಿ ಎಂದು ನನ್ನ ತಲೆಗೆ ಹೊಳೆಯಲು ಆರು ವರ್ಷ ಬೇಕಾಯಿತು. ಗಾಳಿ ಇದ್ದಷ್ಟು ಹೊತ್ತು ಅವಳು ಮೇಲಿರಬೇಕು. ಗಾಳಿ ನಿಂತ ಮೇಲೆ ಮನೆಗೆಲಸ. ಅವಳಿಗೆ ಬಿಡುವು ಎಂಬುದು ಯಾವ ಹವಾಮಾನದಲ್ಲೂ ಇರಲಿಲ್ಲ.

ಜೇಬೆಜ್ ಸತ್ತದ್ದು ಮುದುಕಿ ರಾಣಿ ತೀರಿಕೊಳ್ಳುವ ಮುಂಚಿನ ಆಗಸ್ಟಿನಲ್ಲಿ, ಒಂದು ಮಂಗಳವಾರ, ಕುರ್ಚಿಯಲ್ಲೇ. ಮಣ್ಣು ಶುಕ್ರವಾರ ಎಂದಾಯಿತು. ಬುಧವಾರ ಯಜಮಾನರ ಪಾರುಪತ್ತೆಗಾರ ಮಿಸ್ಟರ್ ಎಪ್ಟನ್ ಕುದುರೆ ಮೇಲೆ ಬಂದು, ಟೋಪಿ ತೆಗೆದು, ದುಃಖ ಹೇಳಿದರು. ಗಿರಣಿ, ಗಿರಣಿ ಮನೆ, ಹಿತ್ತಿಲು ಎಲ್ಲ ಯಜಮಾನರದು. ಗೇಣಿ ಜೇಬೆಜ್‌ನ ಹೆಸರಲ್ಲಿ. ಗಿರಣಿಯವನ ಹೆಂಡತಿಯಾಗಿದ್ದರೆ ವಿಧವೆಗೆ ಬಿಟ್ಟುಕೊಡುವ ರೂಢಿ ಇತ್ತು. ತಂಗಿಗೆ ಅಂಥ ರೂಢಿ ಇರಲಿಲ್ಲ.

ಅವರು ಹೋದ ಮೇಲೆ ಥರ್ಜಾ ಬೇಲಿಯ ಹತ್ತಿರ ಬಂದಳು. ಅಷ್ಟು ವರ್ಷಗಳಲ್ಲಿ ಅವಳು ಕೆಲಸವಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅವತ್ತೇ.

"ಕೇಳಿಬಿಟ್ಟೆ," ಎಂದಳು.

"ಏನಂತ?"

"ಗಿರಣಿ ನನ್ನ ಹೆಸರಿಗೆ ಮಾಡಿಕೊಡಿ ಅಂತ. ಅವರು, ನಿಮ್ಮಣ್ಣ ಚೆನ್ನಾಗಿ ಇಟ್ಟಿದ್ದಾನೆ ಗಿರಣೀನ, ಅಂದ್ರು. ನಾನು, ಹನ್ನೊಂದು ವರ್ಷದಿಂದ ಅವನು ಮೆಟ್ಟಿಲು ಹತ್ತಿಲ್ಲ ಸಾರ್, ಅಂದೆ. ಮತ್ತೆ ನಡೆಸ್ತಿದ್ದೋರು ಯಾರು ಅಂದ್ರು. ನಾನು ಅಂದೆ."

"ನಕ್ಕರಾ?"

"ನಕ್ಕರು. ಕೆಟ್ಟ ನಗು ಏನಲ್ಲ. ಶುಕ್ರವಾರ ಮಣ್ಣಿಗೆ ಬರ್ತೀನಲ್ಲ, ಊಟ ಆದ್ಮೇಲೆ ಕೂತು ಮಾತಾಡೋಣ, ಯಜಮಾನರಿಗೆ ಹೇಳೋಕೆ ನಂಗೂ ಏನಾದ್ರೂ ಬೇಕಲ್ಲ, ಅಂದ್ರು." ಅವಳು ಬೇಲಿಯ ಒಂದು ಕಡ್ಡಿ ಮುರಿದಳು. "ಏನಾದ್ರೂ ಅಂದ್ರೆ ಏನು ಲವೀನಾ?"

ನಾನು ಹೇಳಿದೆ, "ಒಪ್ಪ ಓರಣ ನೋಡ್ತಾರೆ ಕಣೇ. ಅಣ್ಣನ್ನ ಹೆಂಗೆ ಕಳಿಸ್ದೆ, ನಾಕು ಜನರ ಮುಂದೆ ಹೆಂಗೆ ನಡ್ಕೊಂಡೆ. ಮರ್ಯಾದಸ್ಥ ಹೆಂಗಸು ಅನ್ನಿಸ್ಬೇಕು. ಊಟ ಚೆನ್ನಾಗಿ ಮಾಡು."

ನನ್ನ ಬುದ್ಧಿ ಅಷ್ಟೇ ಇತ್ತು. ಅವಳು ಅದನ್ನು ನಂಬಿದಳು. ಎರಡು ದಿನ ಗಿರಣಿಯ ಬಾಗಿಲು ಮುಚ್ಚಿತ್ತು, ಅಡುಗೆಮನೆಯ ಬಾಗಿಲು ಮುಚ್ಚಲಿಲ್ಲ. ಎರಡು ಹಂದಿ ತೊಡೆ ಬೇಯಿಸಿದಳು. ಹಂದಿಯ ಬೆನ್ನುಮಾಂಸವನ್ನು ಸೀಳಿ ಸೊಪ್ಪು ತುಂಬಿ, ಬಟ್ಟೆಯಲ್ಲಿ ಬಿಗಿದು ಕುದಿಸಿದಳು. ಒಣದ್ರಾಕ್ಷಿ ಬ್ರೆಡ್ಡು ಎಂಟು. ಇಪ್ಪತ್ತಾರು ಜನಕ್ಕೆ ತಟ್ಟೆ ಕಪ್ಪು ಸಾಲದೆ ಐದು ಮನೆಯಿಂದ ತಂದೆವು. ಯಾವುದು ಯಾರದು ಎಂದು ಮರೆಯದಿರಲು ಕಪ್ಪುಗಳ ಹಿಡಿಗೆ ಬೇರೆ ಬೇರೆ ಬಣ್ಣದ ಉಣ್ಣೆಯ ಎಳೆ ಕಟ್ಟಿದಳು. ಆ ಸೆಕೆಯಲ್ಲಿ, ಕಪ್ಪು ಉಡುಪಿನಲ್ಲಿ, ಮೂರು ಒಲೆಗಳ ನಡುವೆ.

ನಮ್ಮೂರಲ್ಲಿ ಗಿರಣಿಯವನು ಸತ್ತರೆ ಗಿರಣಿಯೂ ಸಾವಿಗೆ ನಿಲ್ಲಬೇಕು. ಟೋಪಿಯನ್ನು ಕೈಯಿಂದಲೇ ತಿರುಗಿಸಿ ರೆಕ್ಕೆಗಳ ಮುಖವನ್ನು ಚರ್ಚಿನ ಬಾಗಿಲ ಕಡೆ ಮಾಡುತ್ತಾರೆ. ಒಂದು ರೆಕ್ಕೆ ನೆಟ್ಟಗೆ ನಿಲ್ಲುವ ಜಾಗವನ್ನು ಒಂದಿಷ್ಟು ದಾಟಿ, ತಲೆ ವಾಲಿಸಿದ ಹಾಗೆ ನಿಲ್ಲಬೇಕು. ಗಾಳಿಗೆ ಮುಖ ತಿರುಗದಿರಲಿ ಎಂದು ಹಿಂದಿನ ಬೀಸಣಿಗೆ ಚಕ್ರಕ್ಕೆ ಹಗ್ಗ ಬಿಗಿಯುತ್ತಾರೆ. ಶವದ ಪೆಟ್ಟಿಗೆಯ ಮೇಲೆ ಮಣ್ಣು ಬೀಳುವವರೆಗೆ ಹಾಗೇ ಇರಬೇಕು. ಜೇಬೆಜ್‌ಗಿಂತ ಮುಂಚಿನ ಗಿರಣಿಯವನಿಗೆ ಹಾಗೆ ಮಾಡಿದ್ದರು. ಆನ್ ಸತ್ತಾಗ ಮಾಡಲಿಲ್ಲ. ಅವಳ ಪೆಟ್ಟಿಗೆ ಹೋಗುವಾಗ ಗಿರಣಿ ತಿರುಗುತ್ತಲೇ ಇತ್ತು; ಗಾಳಿ ಚೆನ್ನಾಗಿತ್ತಂತೆ.

ಇದನ್ನು ಮಾಡುವವನು ಬಡಗಿ ಸೇತ್ ಕೈಮ್. ಗಿರಣಿಯ ರಿಪೇರಿಯೂ ಅವನದೇ, ಊರಿನ ಶವದ ಪೆಟ್ಟಿಗೆಗಳೂ ಅವನವೇ. ಶುಕ್ರವಾರ ಬೆಳಗ್ಗೆ ಇಬ್ಬರು ಆಳುಗಳನ್ನು ಕರೆದುಕೊಂಡು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ಥರ್ಜಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಹೋದಳು. ನಾನು ಬಾಗಿಲಲ್ಲಿ ನಿಂತು ಆಲೂಗಡ್ಡೆ ಸುಲಿಯುತ್ತಿದ್ದೆ.

"ಸೇತ್, ಮುಖ ತಿರುಗಿಸು, ರೆಕ್ಕೆ ನಿಲ್ಲಿಸು. ಬೀಸಣಿಗೆಗೆ ಮಾತ್ರ ಹಗ್ಗ ಬೇಡ."

"ಹಗ್ಗ ಇಲ್ದಿದ್ರೆ ಗಾಳಿ ಹೊರಳಿದ ಕಡೆ ಅದೂ ತಿರುಗಿಬಿಡ್ತದೆ. ಜೇಬೆಜ್ ಚರ್ಚಿನ ಬಾಗಿಲು ದಾಟೋ ಹೊತ್ತಿಗೆ ಅವನ ಗಿರಣಿ ಬೆನ್ನು ತೋರಿಸ್ಕೊಂಡು ನಿಂತಿದ್ರೆ ಚೆನ್ನಾಗಿರ್ತದಾ?"

"ಸಮುದ್ರದ ಕಡೆ ನೋಡು."

ಚರ್ಚು ನಮಗೆ ಪಶ್ಚಿಮಕ್ಕೆ. ಸಮುದ್ರ ಪೂರ್ವಕ್ಕೆ, ಗಿರಣಿಯ ಬೆನ್ನಿಗೆ. ಅಲ್ಲಿ ಆಕಾಶದ ಬುಡ ಕಿಲುಬು ಹಿಡಿದ ತಾಮ್ರದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಪಶ್ಚಿಮದಿಂದ ಬರುತ್ತಿದ್ದ ಗಾಳಿ ಮಾತ್ರ ಮಂದವಾಗಿ, ಹಿತವಾಗಿ ಇತ್ತು.

"ಸೆಕೆ," ಎಂದ ಸೇತ್. "ಆಗಸ್ಟಲ್ಲಿ ಸೆಕೆ ಇರದೆ ಇನ್ನೇನು? ಒಂದರ್ಧ ದಿನ, ಥರ್ಜಾ. ನಿನ್ನಣ್ಣನಿಗೆ ಅಷ್ಟೂ ಮಾಡಬಾರದಾ?"

ಅವಳು ಇನ್ನೊಮ್ಮೆ ಸಮುದ್ರದ ಕಡೆ ನೋಡಿದಳು. ಆಮೇಲೆ, "ಹಾಗಾದ್ರೆ ಮಣ್ಣು ಬಿದ್ದ ತಕ್ಷಣ ಬಂದು ಬಿಚ್ಚು," ಎಂದಳು.

"ಬಿಚ್ತೀನಿ ತಾಯಿ. ಇಪ್ಪತ್ತು ವರ್ಷದಿಂದ ಈ ಗಿರಣಿಗೆ ಮೊಳೆ ಹೊಡ್ದಿರೋನು ನಾನು, ನಂಗೇ ಪಾಠ ಹೇಳ್ಬೇಡ." ಆಳುಗಳ ಕಡೆ ತಿರುಗಿ ಮೂಗು ಅರಳಿಸಿದ. "ಏನೋ ಸೀದ ವಾಸನೆ ಬರ್ತಾ ಇದೆಯಲ್ರೋ. ಹಂದಿ ತೊಡೆಯೇ ಇರ್ಬೇಕು."

ಆಳುಗಳು ನಕ್ಕರು. ಥರ್ಜಾ ಓಡಿ ಒಳಗೆ ಬಂದಳು. ಏನೂ ಸೀದಿರಲಿಲ್ಲ.

ಮಧ್ಯಾಹ್ನ ಪೆಟ್ಟಿಗೆ ಹೊರಟಿತು. ಅದರ ಹಿಂದೆ ರಕ್ತಸಂಬಂಧ ಎಂದು ನಡೆದವಳು ಅವಳೊಬ್ಬಳೇ. ಅವಳ ಹಿಂದೆ ನಾವೆಲ್ಲ. ಗಿರಣಿ ರೂಢಿಯಂತೆ ತಲೆ ವಾಲಿಸಿ ನಿಂತಿತ್ತು. ನಿಜ ಹೇಳಬೇಕೆಂದರೆ ಚೆಂದವಿತ್ತು, ನನ್ನ ಕಣ್ಣಲ್ಲೂ ನೀರು ಬಂತು. ಪಾದ್ರಿ ಕಡೆಯ ಮಾತು ಹೇಳಿದರು. ಥರ್ಜಾ ಒಂದು ಹಿಡಿ ಮಣ್ಣು ಹಾಕಿದಳು, ತಲೆ ಎತ್ತಿ ಪೂರ್ವದ ಕಡೆ ನೋಡಿದಳು, ಆಮೇಲೆ ಎಲ್ಲರಿಗಿಂತ ಮುಂಚೆ ದಾಪುಗಾಲು ಹಾಕುತ್ತ ಮನೆಗೆ ಹೊರಟಳು. ಅವಳು ಅತ್ತಳೇ ಎಂದು ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತಾರು ಜನಕ್ಕೆ ನೀರು ಕಾಯಬೇಕಿತ್ತು.

ಗಂಡಸರು ಬಂದು ಕೂತರು. ಮಿಸ್ಟರ್ ಎಪ್ಟನ್ ಮೇಜಿನ ತುದಿಯಲ್ಲಿ, ಜೇಬೆಜ್‌ನ ಜಾಗದಲ್ಲಿ. ಸೇತ್ ಕೈಮ್ ಅವರ ಪಕ್ಕದಲ್ಲೇ. ಥರ್ಜಾ ಅವನ ಹಿಂದೆ ಬಂದು ಬಗ್ಗಿ ತಟ್ಟೆ ಇಡುತ್ತ, "ಸೇತ್, ಹಗ್ಗ," ಎಂದಳು.

"ಈಗ ತಾನೇ ಕೂತೆ."

ಬ್ರೆಡ್ಡು ಕೊಡುವಾಗ ಮತ್ತೆ. "ಸೇತ್."

"ಈ ತುಂಡೊಂದು ಮುಗೀಲಿ ಮಾರಾಯ್ತಿ. ನೀನೇ ಇಷ್ಟು ಚೆನ್ನಾಗಿ ಬೇಯಿಸಿಟ್ಟು ನೀನೇ ಎಬ್ಬಿಸ್ತಿದೀಯಲ್ಲ."

ಸುತ್ತಲಿದ್ದವರು ನಕ್ಕರು. ಮಿಸ್ಟರ್ ಎಪ್ಟನ್ ಕೂಡ ನಕ್ಕು, "ಮಿಸ್ ಓಡ್ಲಿಂಗ್‌ಗೆ ಗಿರಣಿಯದೇ ಚಿಂತೆ," ಎಂದರು. ಅದು ಹೊಗಳಿಕೆಯೋ ಅಲ್ಲವೋ ನಮಗೆ ತಿಳಿಯಲಿಲ್ಲ. ಅಡುಗೆಮನೆಗೆ ಬಂದು ಅವಳು ನನ್ನನ್ನು ಕೇಳಿದ್ದೂ ಅದೇ. "ಹಾಗಂದ್ರೆ ಒಳ್ಳೇದಾ ಕೆಟ್ಟದ್ದಾ?"

"ಒಳ್ಳೇದೇ ಇರ್ಬೇಕು. ಕಪ್ಪು ತಗೊಂಡು ಹೋಗು."

ಅವಳು ದೊಡ್ಡ ಟ್ರೇಯಲ್ಲಿ ಒಂಬತ್ತು ಕಪ್ಪು, ಚಹಾದ ಕೆಟಲ್ಲು ಇಟ್ಟುಕೊಂಡಳು. ಎತ್ತಿದವಳು ಹಾಗೇ ನಿಂತಳು. ಅವಳ ಕಣ್ಣು ಕಿಟಕಿಯ ಪರದೆಯ ಮೇಲಿತ್ತು. ಬೆಳಗ್ಗೆಯಿಂದ ಪಶ್ಚಿಮದ ಗಾಳಿಗೆ ಒಳಕ್ಕೆ ಉಬ್ಬುತ್ತಿದ್ದ ಪರದೆ ನೆಟ್ಟಗೆ ಇಳಿಬಿದ್ದಿತ್ತು. ಒಂದು ಎಳೆಯೂ ಅಲ್ಲಾಡುತ್ತಿರಲಿಲ್ಲ. ಅಂಗಳದಲ್ಲಿ ಕೋಳಿಗಳು ತಾವಾಗಿಯೇ ಗೂಡಿನ ಕಡೆ ಹೋಗುತ್ತಿದ್ದವು.

"ಗಾಳಿ ತಿರುಗ್ತಾ ಇದೆ," ಎಂದಳು. "ಬೆನ್ನಿಂದ ಬರತ್ತೆ. ಕಾಲು ಗಂಟೆ ಇದೆ ನಂಗೆ. ಹತ್ತಿ ಹಗ್ಗ ಕೊಯ್ದುಬಿಟ್ರೆ ಸಾಕು, ಮಿಕ್ಕಿದ್ದು ಬೀಸಣಿಗೆ ನೋಡ್ಕೊಳ್ಳತ್ತೆ."

ಆ ಹೊತ್ತಿಗೆ ಹಜಾರದಿಂದ ಮಿಸ್ಟರ್ ಎಪ್ಟನ್ ಕರೆದರು. "ಮಿಸ್ ಓಡ್ಲಿಂಗ್, ಒಂದ್ನಿಮಿಷ ಬರ್ತೀರಾ ಇಲ್ಲಿ? ಹಾಗೇ ಸಾಸಿವೆ ಇದ್ರೆ ತನ್ನಿ."

ನಾನು ಅವಳ ತೋಳು ಹಿಡಿದೆ. "ಕರೀತಿದಾರೆ ಕಣೇ. ಇದಕ್ಕೇ ತಾನೇ ಎರಡು ದಿನದಿಂದ ಸತ್ತಿದ್ದು? ಅಣ್ಣನ ಊಟದ ದಿನ, ಈ ಉಡುಪಿನಲ್ಲಿ, ಅವರು ಕರೆದಾಗ ಓಡಿ ಹೋಗಿ ಏಣಿ ಹತ್ತಿದ್ರೆ ಏನಂದ್ಕೋತಾರೆ? ಹುಚ್ಚಿ ಅಂದ್ಕೋತಾರೆ. ಸೇತ್‌ನ ನಾನು ಎಬ್ಬಿಸ್ತೀನಿ, ನೀನು ಹೋಗು."

ಅವಳು ನನ್ನ ಕಡೆ ನೋಡಿದಳು, ಟ್ರೇಯ ಕಡೆ ನೋಡಿದಳು, ಸುತ್ತ ನೋಡಿದಳು. ಆಮೇಲೆ ನಾನು ಸಾಸಿವೆಯ ಕುಡಿಕೆಯನ್ನು ಟ್ರೇಯ ಮೂಲೆಯಲ್ಲಿಟ್ಟೆ. ಅವಳು ಹಜಾರಕ್ಕೆ ಹೋದಳು.

ಸೇತ್‌ನನ್ನು ನಾನು ಎಬ್ಬಿಸಲಿಲ್ಲ. ಅವನ ಹತ್ತಿರ ಹೋದೆ, ಅವನು ಬಾಯಿ ತುಂಬ ಅಗಿಯುತ್ತ ಬೆರಳೆತ್ತಿ ತಾಳು ಎಂದ, ನಾನು ತಾಳಿದೆ.

ಮಿಸ್ಟರ್ ಎಪ್ಟನ್ ಸಾಸಿವೆ ಹಾಕಿಕೊಂಡರು. "ಯಜಮಾನರಿಗೆ ಇವತ್ತು ಸಂಜೆ ಬರೀಬೇಕು ಅಂತಿದೀನಿ," ಎಂದರು. "ಅಷ್ಟು ದಿನ ನೀವೇ ನಡೆಸಿದ್ದು ಅಂತ ಡೌಸ್ ಕೂಡ ಹೇಳಿದ. ಹೆಂಗಸಿಗೆ ಕೊಟ್ಟ ರೂಢಿ ಇಲ್ಲ, ನಿಮಗೂ ಗೊತ್ತು. ಆದ್ರೂ, ಒಂದು ವರ್ಷದ ಮಟ್ಟಿಗೆ ನಿಮ್ಮ ಹೆಸರಲ್ಲಿ ಮಾಡಿ ನೋಡೋಣ ಅಂತ..."

ಥರ್ಜಾಳ ಮುಖ ನಾನು ಕಂಡೆ. ಟ್ರೇ ಹಿಡಿದೇ ಇದ್ದಳು. ಆ ವಾಕ್ಯ ಮುಗಿಯುವಷ್ಟು ಹೊತ್ತು ಗಿರಣಿ ಅವಳದಾಗಿತ್ತು.

ಗುಡುಗಿನ ಸದ್ದಲ್ಲ ಅದು. ದೊಡ್ಡ ಬಾಗಿಲೊಂದನ್ನು ತಿರುಗಣೆಯಿಂದ ಕಿತ್ತ ಹಾಗೆ ಒಂದು ಸದ್ದು. ಮನೆಯ ಪೂರ್ವದ ಕಿಟಕಿಗಳೆಲ್ಲ ಒಟ್ಟಿಗೆ ಬಡಿದವು. ನಾವು ಹೊರಗೆ ಬಂದಾಗ ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ರೆಕ್ಕೆಗಳು ಮುಂದಕ್ಕೆ, ಗೋಪುರದಿಂದ ದೂರಕ್ಕೆ ಬಾಗಿದ್ದವು. ಹಿಂದಿನ ಬೀಸಣಿಗೆ ಸೇತ್ ಬಿಗಿದ ಹಗ್ಗದಲ್ಲಿ ಒಂದು ಬೆರಳಷ್ಟೂ ಕದಲದೆ ನಿಂತಿತ್ತು. ಅವನ ಗಂಟು ಯಾವಾಗಲೂ ಗಟ್ಟಿ. ಬಿಳಿ ಟೋಪಿಯ ಹಿಂಬದಿ ಮೆಲ್ಲಗೆ ಎದ್ದಿತು. ಇಟ್ಟಿಗೆಗೂ ಟೋಪಿಗೂ ನಡುವೆ ಆಕಾಶ ಕಂಡಿತು. ಆಮೇಲೆ ಅಷ್ಟೂ, ಟೋಪಿ, ರೆಕ್ಕೆ, ಹಲ್ಲುಚಕ್ರ, ಕಬ್ಬಿಣದ ಅಚ್ಚು, ಎಲ್ಲ ಚರ್ಚಿನ ಕಡೆಗೆ ಉರುಳಿ ಬಟ್ಟೆ ಒಗೆಯುವ ಕೋಣೆಯ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಲ್ಲಿಂದ ಬಾಗಿಲವರೆಗೆ ಮಾತ್ರ ಬಂದಿದ್ದೆವಲ್ಲ.

ಮಳೆ ಬಂತು. ಗಂಡಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು, ಕೆಲವರ ಕೈಯಲ್ಲಿ ತಟ್ಟೆ ಇನ್ನೂ ಇತ್ತು. ಸೇತ್ ಫೋರ್ಕು ಹಿಡಿದಿದ್ದ.

"ಹೊಸ ಟೋಪಿ ಮಾಡಬಹುದು ಸಾರ್," ಎಂದ. "ಗೋಪುರಕ್ಕೇನೂ ಆಗಿಲ್ಲ."

"ಪಟ್ಟಣದಲ್ಲಿ ಉಗಿಯ ಗಿರಣಿ ಬಂದು ಹತ್ತು ವರ್ಷ ಆಯ್ತು ಕೈಮ್," ಎಂದರು ಮಿಸ್ಟರ್ ಎಪ್ಟನ್. "ಇದ್ದದ್ದನ್ನ ನಡೆಸ್ಕೊಂಡು ಹೋಗೋದು ಒಂದು. ಬಿದ್ದದ್ದನ್ನ ಎತ್ತು ಅಂತ ಯಜಮಾನರಿಗೆ ನಾನು ಹೇಗೆ ಬರೀಲಿ?"

ಮಳೆ ಇಳಿಯುವವರೆಗೆ ಅವರು ಕಾದರು. ಹೊರಡುವಾಗ ಥರ್ಜಾಳ ಕೈ ಹಿಡಿದು, "ಬೇಸರ ಆಗ್ತದೆ ನಂಗೂ," ಎಂದರು. "ಹಂದಿ ತೊಡೆ ಬಹಳ ಚೆನ್ನಾಗಿತ್ತು. ಇಂಥ ಅಡುಗೆ ಬಲ್ಲವರಿಗೆ ಎಲ್ಲಿ ಬೇಕಾದ್ರೂ ಕೆಲಸ ಸಿಗುತ್ತೆ, ನೀವು ಹೆದರಬೇಕಾಗಿಲ್ಲ."

"ಆಗಲಿ ಸಾರ್," ಎಂದಳು ಥರ್ಜಾ.

ಎಲ್ಲ ಹೋದ ಮೇಲೆ ತಟ್ಟೆ ತೊಳೆದೆವು. ಉಣ್ಣೆಯ ಎಳೆ ಬಿಚ್ಚಿ ಕಪ್ಪುಗಳನ್ನು ಅವರವರ ಮನೆಯ ಬುಟ್ಟಿಗೆ ಹಾಕಿದೆವು. ಒಂದೂ ಒಡೆದಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಗಿರಣಿ ಮನೆ ಬಿಡಬೇಕಾಯಿತು. ಹೊಲವನ್ನೂ ಮನೆಯನ್ನೂ ಡೌಸ್‌ನ ಮಗ ಗೇಣಿಗೆ ತೆಗೆದುಕೊಂಡ; ಗೋಪುರದ ಬಾಯಿಗೆ ತಗಡು ಹೊಡೆಸಿ ಟರ್ನಿಪ್ ಗೆಡ್ಡೆ ತುಂಬಿಸಿದ. ಥರ್ಜಾ ಅಡುಗೆಯ ಕೆಲಸ ಹುಡುಕಿಕೊಂಡು ಎರಡು ಕಡೆ ಹೋದಳು. ಐವತ್ತಮೂರು ವಯಸ್ಸು, ಧೂಳಿನ ಕೆಮ್ಮು ಅವಳಿಗೂ ಹತ್ತಿತ್ತು. ಬೇಡವೆಂದರು. ನಾನು ನಮ್ಮ ಹಿಂದಿನ ಕೋಣೆಗೆ ಬಾ ಎಂದೆ. ಈನಕ್ ಕೂಡ, "ಬರಲಿ ಬಿಡು, ನಿಂಗೂ ಒಂದು ಕೈ ಆಗ್ತದೆ," ಎಂದ. ಅವಳು ಬಂದಳು, ಕೈಯಾದಳು. ಬಟ್ಟೆ, ಬ್ರೆಡ್ಡು, ಹಂದಿ, ಕೊನೆಗೆ ಈನಕ್‌ನ ಕಾಯಿಲೆಯ ಎರಡು ವರ್ಷದ ಚಾಕರಿ. ಊರಲ್ಲಿ ನನ್ನನ್ನು ಒಳ್ಳೆಯವಳೆಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಗಿರಣಿಯ ಕತೆಯನ್ನು ಊರು ತನ್ನದೇ ರೀತಿಯಲ್ಲಿ ಕಟ್ಟಿಕೊಂಡಿತು. ತನ್ನ ಗಿರಣಿಯವನು ಸತ್ತ ದುಃಖ ತಾಳಲಾರದೆ ಗಿರಣಿ ಚರ್ಚಿನ ಕಡೆ ಮುಖ ಮಾಡಿ, ತಲೆಬಾಗಿಸಿ, ಅವನ ಹಿಂದೆಯೇ ಹೋಯಿತು ಎಂದು. ಅಷ್ಟು ನಿಷ್ಠೆಯ ಗಿರಣಿ ಎಂದು. ಸೇತ್ ಕೈಮ್ ಹೆಂಡದಂಗಡಿಯಲ್ಲಿ ಕೂತು ಇದನ್ನು ಹೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಹಗ್ಗದ ಮಾತು ಯಾರೂ ಎತ್ತುತ್ತಿರಲಿಲ್ಲ.

ದೊಡ್ಡ ಯುದ್ಧ ಮುಗಿದ ಮರುವರ್ಷ ಊರಿಗೆ ಹೊಸ ಶಾಲಾ ಮಾಸ್ತರು ಬಂದರು. ಹಳೆಯ ಸಂಗತಿಗಳನ್ನು ಬರೆದಿಡುವ ಹುಚ್ಚು ಅವರಿಗೆ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಗಿರಣಿಯ ಚರಿತ್ರೆ ಬರೆಯುತ್ತಿದ್ದೇನೆ, ಕಡೆಯ ಗಿರಣಿಯವನ ಬಗ್ಗೆ ಹೇಳಿ ಎಂದರು. ಥರ್ಜಾ ಅಲ್ಲೇ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಅವಳಿಗೆ ಆಗ ಎಪ್ಪತ್ತೆರಡು. ಮಾಸ್ತರು ಅವಳನ್ನು ಮನೆಯ ಆಳು ಎಂದುಕೊಂಡಿರಬೇಕು, ಕೇಳಿದ್ದು ನನ್ನನ್ನು. ನಾನು ಹೇಳಿದೆ. ಊರು ಹೇಳುವ ಹಾಗೇ ಹೇಳಿದೆ. ಅದು ಹೇಗೋ ಬಾಯಿಗೆ ಬಂದುಬಿಡುತ್ತದೆ. ಕಟ್ಟಿದ ವರ್ಷ, ಕಟ್ಟಿಸಿದ ಅಜ್ಜ, ಜೇಬೆಜ್, ತಲೆಬಾಗಿದ ಗಿರಣಿ. ಅವರು ಎಲ್ಲ ಬರೆದುಕೊಂಡು, ಮನಮುಟ್ಟುವಂತಿದೆ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಥರ್ಜಾ ಇನ್ನೊಂದು ಈರುಳ್ಳಿ ತೆಗೆದುಕೊಂಡಳು.

"ಹೇಳ್ಬೇಕಿತ್ತು ನಾನು, ನಡೆಸಿದ್ದು ನೀನು ಅಂತ," ಎಂದೆ.

"ಅದಕ್ಕೇನೀಗ."

"ಅವತ್ತು ನಿನ್ನ ತಡೆದೋಳೂ ನಾನೇ. ತೋಳು ಹಿಡ್ಕೊಂಡೆ. ಹತ್ತೊಂಬತ್ತು ವರ್ಷದಿಂದ ಅದೇ ಕಣ್ಮುಂದೆ ಬರ್ತದೆ."

ಅವಳು ಚಾಕು ಕೆಳಗಿಟ್ಟಳು. ನಿಜವಾಗಿ ಆಶ್ಚರ್ಯಪಟ್ಟ ಹಾಗಿತ್ತು. "ನೀನಾ? ನೀನು ಮಾತಾಡಿದ್ದೇ ನಂಗೆ ಸರಿಯಾಗಿ ಕೇಳಿಸ್ಲಿಲ್ಲ ಲವೀನಾ. ನಾನು ಮನಸ್ಸಲ್ಲಿ ಹೊರಟಾಗಿತ್ತು. ಎಪ್ಟನ್ನೂ ಬೇಡ, ಯಾರೂ ಬೇಡ ಅಂತ. ಕೈಯಲ್ಲಿ ಟ್ರೇ ಇತ್ತು, ಎಲ್ಲಿಡೋಣ ಅಂತ ನೋಡ್ದೆ. ಮೇಜಿನ ಮೇಲೆಲ್ಲ ತಟ್ಟೆ. ಒಲೆ ಮೇಲೆ ಪಾತ್ರೆ. ನೆಲದ ಮೇಲಿಟ್ರೆ ಯಾರಾದ್ರೂ ತುಳೀತಾರೆ. ಎರವಲು ಕಪ್ಪು, ಒಂಬತ್ತು. ಜಾಗ ಹುಡುಕ್ತಾ ಹುಡುಕ್ತಾ ನೀನು ಸಾಸಿವೆ ಇಟ್ಟೆ. ಹೋದೆ."

"ಬಿಸಾಕಿ ಹೋಗ್ಬೇಕಿತ್ತು ಕಣೇ."

"ಹೂಂ," ಎಂದಳು. "ಅದು ಹೊಳೀಲೇ ಇಲ್ಲ."

ಹೆಚ್ಚಿದ ಈರುಳ್ಳಿಯನ್ನು ಬಟ್ಟಲಿಗೆ ತುಂಬಿದಳು, ಸಿಪ್ಪೆಯನ್ನು ಏಪ್ರನ್ನಿನ ಮಡಿಲಿಗೆ ಬಳಿದುಕೊಂಡಳು, ಮಾಸ್ತರರ ಕಪ್ಪನ್ನು ಎತ್ತಿಕೊಂಡಳು. ನನ್ನ ಕುರ್ಚಿಯ ಹತ್ತಿರ ನಿಂತು ಇನ್ನೊಂದು ಕೈ ಚಾಚಿದಳು.

"ಕುಡಿದಾಯ್ತಾ?"

ನಾನೇ ತೊಳೆಯುತ್ತೇನೆ, ನೀನು ಕೂತುಕೋ ಎನ್ನಬಹುದಿತ್ತು. ಆ ಮಾತು ಗಂಟಲವರೆಗೆ ಬಂತು ಕೂಡ. ಕೈ ಅದಕ್ಕೆ ಮೊದಲೇ ರೂಢಿಯಂತೆ ಮುಂದೆ ಹೋಗಿತ್ತು. ಅವಳು ನನ್ನ ಕಪ್ಪನ್ನೂ ತೆಗೆದುಕೊಂಡು ಪಾತ್ರೆ ತೊಳೆಯುವಲ್ಲಿಗೆ ಹೋದಳು. ನೀರು ಸುರಿಯುವ ಸದ್ದು, ಮಧ್ಯೆ ಅವಳ ಕೆಮ್ಮು ಕೇಳುತ್ತಿತ್ತು.